ಹೊಳೆ ತುಂಬಿದಾಗ ಹೊರಡುವವರು

ಮಳೆಗಾಲದಲ್ಲಿ ಸಂಚಾರ ಕೂಡದು ಎಂಬುದು ಭಾರತದ ಸನ್ಯಾಸಿ ಪರಂಪರೆಗಳೆಲ್ಲ ಒಪ್ಪಿಕೊಂಡ ಅಪರೂಪದ ನಿಯಮ. ಆತ್ಮ ಇದೆಯೇ ಇಲ್ಲವೇ ಎಂಬಲ್ಲಿಂದ ಹಿಡಿದು ಬಟ್ಟೆ ಉಡಬೇಕೇ ಬೇಡವೇ ಎಂಬವರೆಗೆ ವಾದ ಮಾಡಿದ ಬೌದ್ಧ, ಜೈನ, ವೈದಿಕ ಯತಿಗಳು ಈ ಒಂದು ವಿಷಯದಲ್ಲಿ ಮಾತ್ರ ತಕರಾರು ತೆಗೆಯಲಿಲ್ಲ. ಆದರೆ ಯತಿ ಕಾಲು ಮಡಚಿ ಕೂರುವ ಅದೇ ಆಷಾಢ, ಶ್ರಾವಣ, ಭಾದ್ರಪದಗಳಲ್ಲಿ ಗೃಹಸ್ಥರು ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಪ್ರವಾಸೋದ್ಯಮದ ಲೆಕ್ಕದಲ್ಲಿ ಇದು ಆಫ್ ಸೀಸನ್, ಲಾಡ್ಜುಗಳ ಬಾಡಿಗೆ ಇಳಿಯುವ ಕಾಲ. ಹಾಗಿದ್ದೂ ಜನ ಏತಕ್ಕೆ ಹೊರಡುತ್ತಾರೆ, ಒಬ್ಬನಿಗೆ ನಿಲ್ಲು ಎಂದ ಧರ್ಮ ಇನ್ನೊಬ್ಬನನ್ನು ತಡೆಯದೆ ಬಿಟ್ಟಿತೇಕೆ ಎಂಬ ಪ್ರಶ್ನೆಗಳನ್ನು ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ಸೀಮೆಯಲ್ಲಿ ನಿಂತು ನೋಡಿದರೆ ಉತ್ತರ ಸ್ವಲ್ಪ ಬೇರೆಯಾಗಿ ಕಾಣುತ್ತದೆ.

ನಿಯಮ ಹುಟ್ಟಿದ ಬಗೆಯನ್ನು ವಿನಯಪಿಟಕದ ಮಹಾವಗ್ಗ ಹೇಳುತ್ತದೆ. ಬುದ್ಧ ರಾಜಗೃಹದಲ್ಲಿದ್ದ ದಿನಗಳಲ್ಲಿ ಭಿಕ್ಷುಗಳು ಚಳಿ, ಬಿಸಿಲು, ಮಳೆ ಎನ್ನದೆ ತಿರುಗುತ್ತಿದ್ದರು. ಜನ ದೂರಿದರು. ಇವರು ಹಸಿರು ಹುಲ್ಲು ತುಳಿಯುತ್ತಾರೆ, ಇವರ ಕಾಲಡಿ ಸಣ್ಣ ಜೀವಗಳು ಸಾಯುತ್ತವೆ, ಬೇರೆ ಪಂಥದವರೂ ಮಳೆಗಾಲಕ್ಕೆ ಒಂದೆಡೆ ನಿಲ್ಲುತ್ತಾರೆ, ಹಕ್ಕಿಗಳು ಕೂಡ ಮರದ ತುದಿಯಲ್ಲಿ ಗೂಡು ಕಟ್ಟಿ ಕೂರುತ್ತವೆ ಎಂಬುದು ಅವರ ಆಕ್ಷೇಪಣೆ. ಆಮೇಲೆ ಮೂರು ತಿಂಗಳ ವರ್ಷಾವಾಸ ಕಡ್ಡಾಯವಾಯಿತು. ನಿಯಮಕ್ಕಾಗಿ ಒತ್ತಾಯಿಸಿದವರು ಗೃಹಸ್ಥರು. ಕೊಟ್ಟ ಕಾರಣ ಯತಿಯ ಜೀವಕ್ಕೆ ಅಪಾಯ ಎಂದಲ್ಲ, ಹುಲ್ಲಿಗೆ ಅಪಾಯ ಎಂದು. ನಿಯಮಕ್ಕೆ ವಿನಾಯಿತಿಗಳೂ ಇದ್ದವು. ತಾಯಿಯೋ ತಂದೆಯೋ ಕಾಯಿಲೆ ಬಿದ್ದ ಸುದ್ದಿ ಬಂದರೆ ಏಳು ದಿನದೊಳಗೆ ಹಿಂತಿರುಗುವ ಕಟ್ಟಿನ ಮೇಲೆ ಭಿಕ್ಷು ಹೋಗಿಬರಬಹುದಿತ್ತು. ಮಳೆಗಾಲದ ಪ್ರಯಾಣಕ್ಕೆ ಶಾಸ್ತ್ರವೇ ಒಪ್ಪಿದ ಕಾರಣಗಳಲ್ಲಿ ಹೆತ್ತವರ ಮುಖ ನೋಡುವುದೂ ಒಂದು ಎಂಬುದು ಮುಂದೆ ಮತ್ತೆ ಬರುತ್ತದೆ.

ವೈದಿಕ ಪರಂಪರೆಯ ಚಾತುರ್ಮಾಸ್ಯ ಆಷಾಢ ಶುದ್ಧ ಏಕಾದಶಿಗೆ ಆರಂಭವಾಗಿ ಕಾರ್ತಿಕ ಶುದ್ಧ ದ್ವಾದಶಿಗೆ ಮುಗಿಯುತ್ತದೆ. ಆ ನಾಲ್ಕು ತಿಂಗಳು ವಿಷ್ಣು ನಿದ್ರೆಯಲ್ಲಿರುತ್ತಾನೆ ಎಂಬುದು ನಂಬಿಕೆ. ಪಕ್ಷವನ್ನೇ ತಿಂಗಳೆಂದು ಎಣಿಸಿ ಎರಡು ತಿಂಗಳಿಗೆ ವ್ರತ ಮುಗಿಸಿ, ಭಾದ್ರಪದ ಹುಣ್ಣಿಮೆಯ ನಂತರ ಸೀಮೋಲ್ಲಂಘನ ಮಾಡುವುದು ಇಂದು ಅನೇಕ ಮಠಗಳ ರೂಢಿ. ಅರಸರೂ ಮಳೆಗೆ ತಲೆಬಾಗುತ್ತಿದ್ದರು. ರಾಮಾಯಣದ ರಾಮ ಸೀತೆಯನ್ನು ಹುಡುಕಿಸುವ ಕೆಲಸವನ್ನು ಮಳೆ ಕಳೆಯುವವರೆಗೆ ಮುಂದೂಡಿ ಬೆಟ್ಟದ ಗುಹೆಯಲ್ಲಿ ಕಾದ; ಆ ಬೆಟ್ಟವನ್ನು ಹಂಪಿಯ ಮಾಲ್ಯವಂತದಲ್ಲಿ ಇಂದಿಗೂ ತೋರಿಸುತ್ತಾರೆ. ರಾಯಚೂರು ಕೋಟೆಗಾಗಿ ಕೃಷ್ಣದೇವರಾಯನಿಗೂ ಇಸ್ಮಾಯಿಲ್ ಆದಿಲ್ ಶಾಹನಿಗೂ ಯುದ್ಧವಾದದ್ದು 1520ರ ಮೇ ತಿಂಗಳಲ್ಲಿ, ಮುಂಗಾರು ಇನ್ನೂ ಬಾರದಿದ್ದಾಗ. ಸಂಸ್ಕೃತ, ಪ್ರಾಕೃತ ಕಾವ್ಯಗಳಲ್ಲಂತೂ ಮಳೆಗಾಲ ಎಂದರೆ ಪಥಿಕ ಮನೆಗೆ ಮರಳಬೇಕಾದ ಕಾಲ. ಮರಳದವನ ಹೆಂಡತಿ ಮೋಡ ನೋಡಿ ಕಣ್ಣೀರಿಡುವ ಕಾಲ.

ನಮ್ಮಲ್ಲಿ ಪ್ರಯಾಣದ ಉದ್ದೇಶವನ್ನು ಕುರಿತು ಮೊದಲು ಬರೆಸಿಟ್ಟ ಅರಸ ಅಶೋಕ. ಹಿಂದಿನ ರಾಜರು ಬೇಟೆ ಮೊದಲಾದ ಮೋಜಿಗಾಗಿ ವಿಹಾರಯಾತ್ರೆ ಹೋಗುತ್ತಿದ್ದರು, ತಾನು ಧರ್ಮಯಾತ್ರೆ ಹೊರಟೆ ಎಂದು ಅವನ ಎಂಟನೆಯ ಬಂಡೆಗಲ್ಲು ಶಾಸನ ಹೇಳುತ್ತದೆ. ಅವನ ಹೆಸರನ್ನೇ ನಮೂದಿಸಿದ ಶಾಸನ ಇದೇ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕಿತು. ಅದೇ ಬಗೆಯ ಬ್ರಹ್ಮಗಿರಿಯ ಪಾಠದಲ್ಲಿ 256 ಎಂಬ ಸಂಖ್ಯೆ ಬರುತ್ತದೆ. ಅರಸ ಮನೆಯಿಂದ ಹೊರಗೆ, ಪ್ರಯಾಣದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ವಿಹಾರ, ಧರ್ಮ ಎಂಬ ಈ ಎರಡು ಯಾತ್ರೆಗಳ ವಿಂಗಡಣೆ ಇಂದಿಗೂ ಬಳಕೆಯಲ್ಲಿದೆ, ಪ್ರವಾಸಿ ಮತ್ತು ಯಾತ್ರಿಕ ಎಂಬ ಹೆಸರಿನಲ್ಲಿ. ಮಳೆಗಾಲದ ಪ್ರಯಾಣಿಕ ಈ ವಿಂಗಡಣೆಗೆ ಸುಲಭವಾಗಿ ಸಿಕ್ಕುವುದಿಲ್ಲ.

ಅವನು ಹೊರಡುವ ಊರುಗಳಲ್ಲೊಂದು ಯಾಪಲದಿನ್ನಿ; ರಾಯಚೂರು ತಾಲ್ಲೂಕಿನ ಪೂರ್ವದಲ್ಲಿ, ತೆಲಂಗಾಣದ ಗಡಿಗೆ ಹತ್ತಿರವಿದೆ. ಯಾಪ ಎಂದರೆ ಗಡಿಯಾಚೆಯ ತೆಲುಗು ಆಡುಮಾತಿನಲ್ಲಿ ಬೇವು, ದಿನ್ನಿ ಎಂದರೆ ದಿಬ್ಬ. ಎರಡೂ ಭಾಷೆ ಬಲ್ಲವರ ಕಿವಿಗೆ ಊರಿನ ಹೆಸರೇ ಬೇವಿನ ನೆರಳಿನಂತೆ ಕೇಳುತ್ತದೆ. ಆ ನೆರಳಿನ ಬೆಲೆ ಗೊತ್ತಾಗುವುದು ಏಪ್ರಿಲ್, ಮೇ ತಿಂಗಳಲ್ಲಿ, ಉಷ್ಣಾಂಶ 42, 43 ಡಿಗ್ರಿ ದಾಟಿದಾಗ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾದರೆ ಇಲ್ಲಿ ಬೀಳುವುದು 600ರಿಂದ 700. ಮಲೆನಾಡಿನವರಿಗೆ ಮನೆಯಿಂದ ಹೊರಬೀಳಲು ಬಿಡದ ಮಳೆಗಾಲ ರಾಯಚೂರಿನವರಿಗೆ ಹೊರಗೆ ಕಾಲಿಡಬಹುದಾದ ಕಾಲ. ಆಫ್ ಸೀಸನ್ ಎಂಬ ಮಾತು ಗಿರಿಧಾಮ ಮತ್ತು ಕಡಲತೀರಗಳ ವ್ಯಾಪಾರದಿಂದ ಬಂದದ್ದು, ಬಯಲುಸೀಮೆಗೆ ಅದು ಹೊಂದುವುದಿಲ್ಲ.

ಇನ್ನೊಂದು ಕಾರಣ ಎರೆ ನೆಲ. ಈ ಭಾಗದ ಕಪ್ಪು ಎರೆ ಹೊಲಗಳಲ್ಲಿ ಬಿಳಿಜೋಳ, ಕಡಲೆಗಳು ಹಿಂಗಾರಿ ಬೆಳೆಗಳು. ಮುಂಗಾರಿನ ಮಳೆಯನ್ನು ಹೊಲ ಕುಡಿಯುತ್ತ ಖಾಲಿ ಬಿದ್ದಿರುತ್ತದೆ, ಕೂರಿಗೆ ಹೂಡುವುದು ಸೆಪ್ಟೆಂಬರ್ ಕಡೆಗೆ. ನಡುವೆ ಹರಗುವ ಕೆಲಸ ಬಿಟ್ಟರೆ ಒಕ್ಕಲಿಗರಿಗೆ ಕೈ ಬಿಡುವು. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ ಕಡೆಗೆ, ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಕಡೆಗೆ ನೀರು ತಂದ ಮೇಲೆ ಅಲ್ಲಿ ಭತ್ತದ ನಾಟಿ ಇದೇ ತಿಂಗಳುಗಳಲ್ಲಿ ಬೀಳುತ್ತದೆ. ಕಾಲುವೆಯ ಮೇಲಿನವರ ಬಿಡುವಿಗೂ ಕೆಳಗಿನವರ ಬಿಡುವಿಗೂ ಹೊಂದಾಣಿಕೆ ತಪ್ಪಿದೆ. ಮಳೆಗಾಲದ ಯಾತ್ರೆ ಹೊರಡಲು ಖುಷ್ಕಿ ಹೊಲದವನಿಗೆ ಇರುವ ಅನುಕೂಲ ನೀರಾವರಿಯವನಿಗಿಲ್ಲ.

ಯಾತ್ರೆಯಲ್ಲಿ ಪಡುವ ಕಷ್ಟವೇ ಪುಣ್ಯ, ಅದಕ್ಕಾಗಿ ಜನ ಮಳೆ ಲೆಕ್ಕಿಸದೆ ಹೋಗುತ್ತಾರೆ ಎಂಬ ವಿವರಣೆ ಸಾಮಾನ್ಯವಾಗಿ ಕೇಳಿಬರುತ್ತದೆ. ರಾಯಚೂರಿನ ಮಟ್ಟಿಗೆ ಅದು ನಿಲ್ಲುವುದಿಲ್ಲ. ಇಲ್ಲಿನ ಜನ ಕಷ್ಟವನ್ನೇ ಹರಕೆಯಾಗಿ ಹೊತ್ತು ನಡೆಯುವ ಯಾತ್ರೆ ಶ್ರೀಶೈಲದ್ದು, ಅದು ನಡೆಯುವುದು ಯುಗಾದಿಯ ಮುಂಚಿನ ಉರಿಬಿಸಿಲಿನಲ್ಲಿ. ಉತ್ತರ ಕರ್ನಾಟಕದ ಊರೂರುಗಳಿಂದ ಮಲ್ಲಯ್ಯನ ಭಕ್ತರು ಅಂಗಾಲು ಬೊಬ್ಬೆ ಎದ್ದರೂ ನಡೆದು ಹೋಗುತ್ತಾರೆ. ತಪಸ್ಸಿಗೆ ಬೇಸಗೆ ಇದೆ. ಮಳೆಗಾಲದ ಪ್ರಯಾಣದ ಉದ್ದೇಶ ಬೇರೆ ಎಲ್ಲೋ ಇರಬೇಕು.

ಅದು ಎಲ್ಲಿದೆ ಎಂಬುದಕ್ಕೆ ಸುಳಿವು ಪಂಢರಪುರದ ವಾರಿಯಲ್ಲಿದೆ. ಆಳಂದಿ, ದೇಹು ಕಡೆಯಿಂದ ಜ್ಯೇಷ್ಠದಲ್ಲಿ ಹೊರಟ ಪಾಲಕಿಗಳು ಮಳೆಯಲ್ಲಿ ನಡೆದು ಪಂಢರಪುರ ಮುಟ್ಟುವುದು ಆಷಾಢ ಶುದ್ಧ ಏಕಾದಶಿಗೆ. ಕನ್ನಡ ನಾಡಿನ ದಿಂಡಿಗಳೂ ಅಲ್ಲಿ ಸೇರುತ್ತವೆ. ಯತಿ ತನ್ನ ಸಂಚಾರ ನಿಲ್ಲಿಸುವ ದಿನವೂ ಅದೇ. ಸನ್ಯಾಸಿ ನಿಲ್ಲುತ್ತಾನೆ, ದೇವರು ಮಲಗುತ್ತಾನೆ, ಗೃಹಸ್ಥ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಇಡೀ ವರ್ಷ ತಿರುಗುವ ಯತಿ ಭಿಕ್ಷೆಗೆ ಬಂದಾಗ ಊರಿಗೆ ಸಿಗುವುದು ಒಂದು ಹೊತ್ತು. ಮಳೆಗಾಲದಲ್ಲಿ ಅವನು ಇಂಥಲ್ಲೇ ಇರುತ್ತಾನೆ ಎಂಬ ಖಾತ್ರಿ ಇರುವುದರಿಂದ ಜನ ತಾವೇ ಹೊರಡುತ್ತಾರೆ. ಒಬ್ಬ ನಿಂತದ್ದರಿಂದಲೇ ಇನ್ನೊಬ್ಬನ ನಡಿಗೆಗೆ ಗುರಿ ಸಿಗುತ್ತದೆ. ಚಾತುರ್ಮಾಸ್ಯದ ಮಠಗಳಲ್ಲಿ ದಿನವೂ ನಡೆಯುವ ಪಾದಪೂಜೆ, ಶ್ರಾವಣದುದ್ದಕ್ಕೂ ವೀರಶೈವ ಮಠಗಳಲ್ಲಿ ನಡೆಯುವ ಪುರಾಣ ಪ್ರವಚನ ಇವೆಲ್ಲ ನಿಂತವರ ಸುತ್ತ ಕಟ್ಟಿಕೊಂಡ ಪ್ರಯಾಣಗಳೇ. ಶಾಸ್ತ್ರ ಗೃಹಸ್ಥನನ್ನು ತಡೆಯದೆ ಬಿಟ್ಟದ್ದು ಮರೆವಿನಿಂದಲ್ಲ ಎಂದು ಅನ್ನಿಸುವುದು ಇದನ್ನು ನೋಡಿದಾಗ.

ತುಂಗಭದ್ರೆಯ ಆಚೆ ದಂಡೆಯ ಮಂತ್ರಾಲಯ ಇದರ ಪೂರ್ಣ ರೂಪ. ರಾಘವೇಂದ್ರ ಸ್ವಾಮಿಗಳು ಬೃಂದಾವನ ಪ್ರವೇಶಿಸಿದ್ದು 1671ರ ಶ್ರಾವಣ ಬಹುಳ ಬಿದಿಗೆಯಂದು, ಅಂದರೆ ಚಾತುರ್ಮಾಸ್ಯದ ಕಾಲದಲ್ಲೇ. ಅವರು 700 ವರ್ಷ ಅಲ್ಲಿ ಸಶರೀರರಾಗಿ ಇರುತ್ತಾರೆ ಎಂಬುದು ಭಕ್ತರ ನಂಬಿಕೆ. ಮಳೆಗಾಲದಲ್ಲಿ ಕುಳಿತ ಯತಿ ಮತ್ತೆ ಏಳಲೇ ಇಲ್ಲ, ವ್ರತಕ್ಕೆ ಸೀಮೋಲ್ಲಂಘನವೇ ಇಲ್ಲದಾಯಿತು ಎಂದು ಇದನ್ನು ಓದಬಹುದು. ಪ್ರತಿ ವರ್ಷ ಅದೇ ತಿಥಿಯ ಆಸುಪಾಸು ಏಳು ದಿನ ಆರಾಧನೆಯ ಸಪ್ತರಾತ್ರೋತ್ಸವ ನಡೆಯುತ್ತದೆ. ಪೂರ್ವಾರಾಧನೆ, ಮಧ್ಯಾರಾಧನೆ, ಉತ್ತರಾರಾಧನೆಯ ಮೂರು ದಿನ ರಾಯಚೂರಿನ ಬಸ್ ನಿಲ್ದಾಣದಲ್ಲಿ, ಮಂತ್ರಾಲಯಂ ರೋಡ್ ರೈಲು ನಿಲ್ದಾಣದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಂದವರು ಹೊಳೆಯ ಈಚೆ ದಂಡೆಗೆ ದಾಟಿ ಸ್ವಾಮಿಗಳ ಶಿಷ್ಯ ಅಪ್ಪಣಾಚಾರ್ಯರ ಬಿಚ್ಚಾಲಿಗೂ ಗಾಣಧಾಳದ ಪಂಚಮುಖಿ ಆಂಜನೇಯನಿಗೂ ಹೋಗಿಬರುತ್ತಾರೆ. ಎರಡೂ ರಾಯಚೂರು ತಾಲ್ಲೂಕಿನವು. ತುಂಗಭದ್ರೆ ತುಂಬಿ ಹರಿಯುವ ದಿನಗಳಾದ್ದರಿಂದ ಸ್ನಾನಘಟ್ಟದಲ್ಲಿ ಕಾವಲು ನಿಲ್ಲಬೇಕಾಗುತ್ತದೆ. 2009ರ ಅಕ್ಟೋಬರ್ ಮೊದಲ ವಾರದಲ್ಲಿ ಹೊಳೆ ಮಠದೊಳಗೇ ಬಂದಿತ್ತು, ಊರು ಮುಳುಗಿತ್ತು. ಮುಂದಿನ ಶ್ರಾವಣಕ್ಕೆ ಭಕ್ತರು ಎಂದಿನಂತೆ ಬಂದರು.

ಕೃಷ್ಣೆಯ ಕಡೆ ಕುರವಪುರದ ಕಥೆ ಬೇರೆ. ದತ್ತ ಪರಂಪರೆಯ ಶ್ರೀಪಾದ ಶ್ರೀವಲ್ಲಭರ ಈ ಕ್ಷೇತ್ರ ನದಿಯ ನಡುಗಡ್ಡೆ. ರಾಯಚೂರಿನಿಂದ ಹೋಗುವವರು ಆತ್ಕೂರಿನ ದಂಡೆಗೆ ಹೋಗಿ ತೆಪ್ಪ ಹತ್ತಬೇಕು. ನಾರಾಯಣಪುರದ ಬಸವಸಾಗರದಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಬಿಟ್ಟಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿ ಸೇತುವೆ ಮುಳುಗುತ್ತದೆ, ಕೊಪ್ಪರದ ಲಕ್ಷ್ಮೀನರಸಿಂಹನ ಗುಡಿಯ ತನಕ ನೀರು ಏರುತ್ತದೆ, ಕುರವಪುರ ಮತ್ತು ನಾರದಗಡ್ಡೆಯ ದಾರಿ ಮುಚ್ಚುತ್ತದೆ. ತೀರ್ಥ ಎಂಬ ಪದದ ಮೂಲ ಅರ್ಥ ಹೊಳೆ ದಾಟುವ ಜಾಗ, ಕಡವು. ದಾಟಲು ಬಾರದ ದಿನಗಳಲ್ಲಿ ತೀರ್ಥ ತೀರ್ಥವಾಗಿ ಉಳಿಯುತ್ತದೆಯೇ ಎಂಬುದು ತರ್ಕಕ್ಕೆ ಒಳ್ಳೆಯ ಪ್ರಶ್ನೆ. ದಂಡೆಯ ಮೇಲೆ ನಿಂತು ಗಡ್ಡೆಯ ಕಡೆ ಕೈ ಮುಗಿದು ತೆಂಗಿನಕಾಯಿಯನ್ನು ನೀರಿಗೆ ಬಿಟ್ಟು ಮರಳುವವರು ಉಳಿಯುತ್ತದೆ ಎಂದೇ ಉತ್ತರಿಸಿದಂತಾಗುತ್ತದೆ. 20ನೇ ಶತಮಾನದ ಆರಂಭದಲ್ಲಿ ಟೇಂಬೆ ಸ್ವಾಮಿಗಳೆಂದು ಹೆಸರಾದ ವಾಸುದೇವಾನಂದ ಸರಸ್ವತಿಗಳು ಈ ಗಡ್ಡೆಯಲ್ಲೇ ಒಂದು ಚಾತುರ್ಮಾಸ್ಯ ಕುಳಿತಿದ್ದರು. ಸುತ್ತ ಹೊಳೆ ಬಂದಾಗ ಹೊರಹೋಗುವ ಮಾತೇ ಇಲ್ಲದ ಜಾಗ. ವರ್ಷಾವಾಸಕ್ಕೆ ಅದಕ್ಕಿಂತ ತಕ್ಕ ಸ್ಥಳ ಸಿಗುವುದು ಕಷ್ಟ.

ಸ್ವತಃ ಹೊಳೆಯನ್ನೇ ನೋಡಲು ಹೋಗುವವರ ಸಂಖ್ಯೆಯೂ ಕಡಿಮೆಯಲ್ಲ. ಡ್ಯಾಂ ಗೇಟ್ ಎತ್ತ್ಯಾರಂತ ಎಂಬ ಸುದ್ದಿ ಬಂದರೆ ಸಾಕು, ಟಂಟಂ, ಬೈಕು, ಟ್ರ್ಯಾಕ್ಟರುಗಳಲ್ಲಿ ಜನ ಹೊರಡುತ್ತಾರೆ. ಯಾಪಲದಿನ್ನಿ ಕಡೆಯವರಿಗೆ ಗದ್ವಾಲದ ಜೂರಾಲ ಹತ್ತಿರ; ಉಳಿದವರು ನಾರಾಯಣಪುರಕ್ಕೋ 33 ಗೇಟುಗಳ ತುಂಗಭದ್ರಾ ಅಣೆಕಟ್ಟಿಗೋ ಹೋಗುತ್ತಾರೆ. ಇದು ವಿಹಾರಯಾತ್ರೆಯೇ ಅಲ್ಲವೇ ಎಂದರೆ ಹೌದೆನ್ನಲು ಅಡ್ಡಿಯಿಲ್ಲ. ಆದರೆ ಅಲ್ಲಿ ನಿಂತ ಮುದುಕಿ ಹೊಳೆಗೆ ಅರಿಸಿನ ಕುಂಕುಮ ಹಾಕಿ ಕೈ ಮುಗಿಯುತ್ತಾಳೆ, ಮೊಮ್ಮಗ ಸೆಲ್ಫಿ ತೆಗೆಯುತ್ತಾನೆ. ಇಬ್ಬರೂ ಬಂದದ್ದು ಒಂದೇ ಗಾಡಿಯಲ್ಲಿ. ಜಲಾಶಯ ತುಂಬಿದಾಗ ಮುಖ್ಯಮಂತ್ರಿಯೇ ಬಂದು ಬಾಗಿನ ಅರ್ಪಿಸುವ ನಾಡಿನಲ್ಲಿ ನೀರು ನೋಡುವುದಕ್ಕೂ ಪೂಜಿಸುವುದಕ್ಕೂ ನಡುವೆ ಗೆರೆ ಎಳೆಯುವುದು ಅಶೋಕನಿಗೂ ಸುಲಭವಾಗುತ್ತಿರಲಿಲ್ಲ. ಬರ ಉಂಡು ಬೆಳೆದ ಜನಕ್ಕೆ ತುಂಬಿದ ಹೊಳೆಯ ದರ್ಶನ ಕೇವಲ ದೃಶ್ಯವಲ್ಲ, ಈ ವರ್ಷ ನಡೆದೀತು ಎಂಬ ಭರವಸೆ.

ಆದರೂ ಈ ಸೀಮೆಯ ಮಳೆಗಾಲದಲ್ಲಿ ಮನೆಮನೆಯನ್ನೂ ಹೊರಡಿಸುವ ಕಾರಣ ಕ್ಷೇತ್ರವೂ ಅಲ್ಲ, ಡ್ಯಾಮೂ ಅಲ್ಲ; ತವರು. ಶ್ರಾವಣದ ನಾಗರ ಪಂಚಮಿ ಉತ್ತರ ಕರ್ನಾಟಕದಲ್ಲಿ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಕರೆಯಲು ಬರುತ್ತಾನೆ, ಇಲ್ಲವೇ ಫೋನು ಬರುತ್ತದೆ. ರೊಟ್ಟಿ ಪಂಚಮಿಯ ದಿನ ಬಗೆಬಗೆಯ ಪಲ್ಯ, ಮರುದಿನ ಹುತ್ತಕ್ಕೆ ಹಾಲು, ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಮರಕ್ಕೆ ಕಟ್ಟಿದ ಜೋಕಾಲಿ. ಆ ವಾರ ದೇವದುರ್ಗ, ಮಾನ್ವಿ ಬಸ್ಸುಗಳಲ್ಲಿ ಸೀಟು ಸಿಗುವುದು ಕಷ್ಟ. ಇದನ್ನು ಯಾವ ಪ್ರವಾಸೋದ್ಯಮ ಇಲಾಖೆಯೂ ಪ್ರವಾಸ ಎಂದು ಕರೆಯಲಾರದು, ಯಾವ ಮಠವೂ ಯಾತ್ರೆ ಎನ್ನಲಾರದು. ಆದರೆ ತಾಯಿ ಇರುವಲ್ಲಿಗೆ ಮಳೆಯಲ್ಲೂ ಹೋಗಬಹುದು ಎಂದು ವಿನಯಪಿಟಕ ಭಿಕ್ಷುವಿಗೇ ಕೊಟ್ಟ ಅನುಮತಿ ಇದಕ್ಕೆ ಸಾಕಷ್ಟು ಸಮರ್ಥನೆ. ತವರು ಕೂಡ ನಿಂತ ಜಾಗವೇ.

ಪ್ರವಾಸದ ಪ್ರೇರಣೆಯನ್ನು ಅಧ್ಯಯನ ಮಾಡಿದ ಪಶ್ಚಿಮದ ವಿದ್ವಾಂಸರು ಅದನ್ನು ಮನೆಯಿಂದ ತಳ್ಳುವ ಕಾರಣ, ಗುರಿಯತ್ತ ಸೆಳೆಯುವ ಕಾರಣ ಎಂದು ವಿಭಾಗಿಸಿದರು. ಗ್ರಹಾಂ ಡ್ಯಾನ್ 1977ರಲ್ಲಿ ಈ ವಿಂಗಡಣೆಯನ್ನು ಮುಂದಿಟ್ಟ. 1979ರಲ್ಲಿ ಜಾನ್ ಕ್ರಾಂಪ್ಟನ್ ಒಂಬತ್ತು ಪ್ರೇರಣೆಗಳನ್ನು ಪಟ್ಟಿ ಮಾಡಿದ. ದಿನನಿತ್ಯದಿಂದ ಬಿಡುಗಡೆ, ತನ್ನನ್ನು ತಾನು ಅರಿಯುವುದು, ವಿಶ್ರಾಂತಿ, ಪ್ರತಿಷ್ಠೆ, ಬಂಧುಗಳ ನಂಟು ಗಟ್ಟಿಯಾಗುವುದು, ಹೊಸತನ ಮುಂತಾದವು ಅದರಲ್ಲಿವೆ. ಪಟ್ಟಿ ಉಪಯುಕ್ತವೇ. ಪಂಚಮಿಗೆ ತವರಿಗೆ ಬಂದವಳಿಗೆ ಅತ್ತೆಮನೆಯಿಂದ ಬಿಡುಗಡೆ ತಳ್ಳುವ ಕಾರಣವೂ ಹೌದು, ತಾಯಿ ಸೆಳೆಯುವ ಕಾರಣವೂ ಹೌದು. ಪಟ್ಟಿಯಲ್ಲಿ ಕಾಣದ್ದು ತಿಥಿ. ಶ್ರಾವಣ ಬಹುಳ ಬಿದಿಗೆಗೇ ಹೋಗಬೇಕು, ನವೆಂಬರಿನಲ್ಲಿ ಜನ ಕಡಿಮೆ ಇದ್ದಾಗ ಹೋದರೆ ಅದು ದರ್ಶನವಾದೀತು, ಆರಾಧನೆ ಆಗದು. ಆಯ್ಕೆಯ ಸ್ವಾತಂತ್ರ್ಯವೇ ಪ್ರವಾಸದ ಲಕ್ಷಣ ಎನ್ನುವ ಸಿದ್ಧಾಂತಕ್ಕೆ, ಪಂಚಾಂಗ ಕರೆದಾಗ ಹೊರಡುವ ಮನುಷ್ಯ ಬಿಡಿಸಲಾಗದ ಒಗಟು.

ತಿಥಿಯ ಈ ಕಟ್ಟು ಹಿಂದೂ ಪಂಚಾಂಗಕ್ಕೆ ಸೀಮಿತವಲ್ಲ. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ಹಿಂದೂ ಮುಸ್ಲಿಮರಿಬ್ಬರೂ ಸೇರುವ ಅಲಾಯಿ ಹಬ್ಬ. ಹಿಜರಿ ಲೆಕ್ಕ ಚಾಂದ್ರಮಾನದ್ದಾದ್ದರಿಂದ, ಅಧಿಕ ಮಾಸವಿಲ್ಲದ್ದರಿಂದ, ಅದು ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿಬರುತ್ತದೆ. 2024 ಮತ್ತು 2025ರಲ್ಲಿ ಅದು ಜುಲೈನಲ್ಲಿ ಬಂತು. ಜನ ಜುಲೈನಲ್ಲಿ ಹೋದರು.

ದಾರಿ ಸುಗಮವಾದದ್ದೂ ಲೆಕ್ಕಕ್ಕೆ ಬರಬೇಕು. ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾದದ್ದು 2023ರ ಜೂನ್ 11ರಂದು, ಮುಂಗಾರಿನ ಬಾಗಿಲಲ್ಲಿ. ಆ ಆಷಾಢ, ಶ್ರಾವಣಗಳಲ್ಲಿ ನಾಡಿನ ದೇವಸ್ಥಾನಗಳಿಗೆ ಹರಿದ ಹೆಣ್ಣುಮಕ್ಕಳ ಸಾಲು, ಎಷ್ಟು ಹರಕೆಗಳು ಬರೀ ಟಿಕೆಟ್ಟಿನ ದುಡ್ಡಿಗಾಗಿ ಬಾಕಿ ಉಳಿದಿದ್ದವು ಎಂಬುದನ್ನು ತೋರಿಸಿತು. ಇದನ್ನು ಪುಕ್ಕಟೆ ತಿರುಗಾಟ ಎಂದು ಗೇಲಿ ಮಾಡಿದವರು ಯಾತ್ರೆಯ ಇತಿಹಾಸ ಓದಿರಲಿಲ್ಲ. ಛತ್ರ, ಅರವಟ್ಟಿಗೆ, ಅನ್ನದಾನಗಳೆಲ್ಲ ಪುಕ್ಕಟೆಯೇ.

ಇಷ್ಟಾದರೂ ಯಾತ್ರೆಯೇ ಬೇಕೇ ಎಂದು ಕೇಳಿದವರು ಈ ನೆಲದಲ್ಲೇ ಇದ್ದಾರೆ. ದೇಹವೇ ದೇಗುಲ ಎಂದ ಶರಣರು ತೀರ್ಥಕ್ಷೇತ್ರಗಳ ಸುತ್ತಾಟವನ್ನು ಟೀಕಿಸಿದರು, ಸ್ಥಾವರಕ್ಕಿಂತ ಜಂಗಮ ಮೇಲೆಂದರು. ಅವರಲ್ಲಿ ಎಲ್ಲರಿಗಿಂತ ಕಟುವಾದ ಅಲ್ಲಮಪ್ರಭುವಿಗೆ ದೇವದುರ್ಗ ತಾಲ್ಲೂಕಿನ ಗೂಗಲ್‌ನಲ್ಲಿ, ಕೃಷ್ಣೆಯ ದಂಡೆಯ ಮೇಲೆ, ಜನ ಗುಡಿ ಕಟ್ಟಿ ಯಾತ್ರೆ ಹೋಗುತ್ತಾರೆ. ದಾಸರ ಮಾರ್ಗ ಬೇರೆ. ಮಾನ್ವಿ ಸೀಮೆಯ ಚೀಕಲಪರ್ವಿಯ ವಿಜಯದಾಸರು ಕಾಶಿಗೆ ಹೋಗಿಬಂದವರು, ಕ್ಷೇತ್ರಗಳ ಮೇಲೆ ಸುಳಾದಿಗಳನ್ನು ರಚಿಸಿದವರು. ಅದೇ ಮಾನ್ವಿ ತಾಲ್ಲೂಕಿನ ಬ್ಯಾಗವಾಟದಲ್ಲಿ ಹುಟ್ಟಿದ ಜಗನ್ನಾಥದಾಸರ ಹರಿಕಥಾಮೃತಸಾರ ಕೂತಲ್ಲೇ ಮಾಡುವ ಅನುಸಂಧಾನಕ್ಕೆ ದಾರಿ ತೋರುವ ಗ್ರಂಥ. ಹೋಗಬೇಕು, ಹೋದಲ್ಲಿ ಮನಸ್ಸು ಬೇರೆಡೆ ಇರಬಾರದು ಎಂಬುದು ದಾಸರ ನಿಲುವು. ಹೋಗಬೇಕಾದ ಕಡೆ ಒಳಗೇ ಇದೆ ಎಂಬುದು ಶರಣರದು. ಎರಡರಲ್ಲಿ ಜನ ಆರಿಸಿಕೊಂಡದ್ದು ಮೊದಲನೆಯದನ್ನು, ಶರಣರ ಗುಡಿಗೆ ಹೋಗುವಾಗಲೂ.

ರಾಜಗೃಹದ ಜನ ಎತ್ತಿದ ಆಕ್ಷೇಪಣೆ ಮಾತ್ರ ಹಳತಾಗಿಲ್ಲ. ಮಳೆಗಾಲದ ವಾರದ ಕೊನೆಗೆ ಸಾವಿರಾರು ಜನ ಪಶ್ಚಿಮ ಘಟ್ಟದ ಹುಲ್ಲುಗಾವಲು ಬೆಟ್ಟಗಳನ್ನು ಹತ್ತುತ್ತಾರೆ, ಜೋಗದ 253 ಮೀಟರ್ ಧಾರೆಯ ಮುಂದೆ ಕಿಕ್ಕಿರಿಯುತ್ತಾರೆ. ಅವರಲ್ಲಿ ರಾಯಚೂರಿನ ಕಾಲೇಜು ಹುಡುಗರೂ ಇದ್ದಾರೆ. 43 ಡಿಗ್ರಿಯ ಬೇಸಗೆ ಕಳೆದವರಿಗೆ ಮಂಜಿನ ಆಸೆ ಹುಟ್ಟುವುದು ತಪ್ಪಲ್ಲ. ಆದರೆ ಹಸಿರು ಹುಲ್ಲು ತುಳಿತ, ಸಣ್ಣ ಜೀವಗಳ ನಾಶ ಎಂಬ ದೂರು ಅಲ್ಲಿ ಅಕ್ಷರಶಃ ಅನ್ವಯಿಸುತ್ತದೆ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ, ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದ ಮೇಲೆ ಮಳೆಗಾಲದ ಬೆಟ್ಟದಲ್ಲಿ ಜೀವಭಯವೂ ಆ ದೂರಿಗೆ ಸೇರಿಕೊಂಡಿತು. ಯತಿಗೆ ಹೇರಿದ ನಿಯಮವನ್ನು ಗೃಹಸ್ಥನಿಗೂ ಹೇರಬೇಕಾದ ಜಾಗ ಎಲ್ಲಾದರೂ ಇದ್ದರೆ ಅದು ಘಟ್ಟದ ಬೆಟ್ಟ. ಎರೆ ಸೀಮೆಯ ಬಸ್ಸಿನ ದಾರಿಯಲ್ಲ.

ಕಾರ್ತಿಕ ಶುದ್ಧ ದ್ವಾದಶಿಯ ಹೊತ್ತಿಗೆ ಕೃಷ್ಣೆ ಇಳಿದು ಆತ್ಕೂರಿನ ದಂಡೆಯಲ್ಲಿ ತೆಪ್ಪಗಳು ಮತ್ತೆ ಓಡಾಡುತ್ತಿರುತ್ತವೆ. ನಾಲ್ಕು ತಿಂಗಳು ಪೂರ್ತಿ ಕುಳಿತ ಯತಿಗಳು ಸಂಚಾರಕ್ಕೆ ಏಳುತ್ತಾರೆ. ಅಷ್ಟರಲ್ಲಿ ಎರೆ ಹೊಲದಲ್ಲಿ ಬಿಳಿಜೋಳ ಎದ್ದು ಎಡೆ ಹೊಡೆಯುವ ಕೆಲಸ ಬಂದಿರುತ್ತದೆ, ಹತ್ತಿ ಬಿಡಿಸುವುದು ಇರುತ್ತದೆ. ಗೃಹಸ್ಥರಿಗೆ ಊರು ಬಿಡಲು ಪುರುಸೊತ್ತಿರುವುದಿಲ್ಲ.